ಇವತ್ತಿನ ಸುಳ್ಳು

ಅಕ್ಕ ತಮ್ಮನ ಮೈಮೇಲಿದ್ದ ಕೋಟಿನ ಜೇಬುಗಳಿಗೆ ಒಂದೊಂದಾಗಿ ಕೈ ಹಾಕಿ ತಡಕಾಡುತ್ತಿದ್ದಳು. ಅದೇ ಕೋಟಿಗೆ ಗುಂಡಿ ಹಾಕುತ್ತಿದ್ದ ಪಕ್ಕದ ಮನೆಯ ದರ್ಜಿ ಕೈ ನಿಲ್ಲಿಸಿ, "ಇವತ್ತೊಂದು ದಿನ ಚೆಕಿಂಗ್ ಬಿಡಿ ಅಕ್ಕಾ. ಪಾಪ, ಅವನೇನು ಎದ್ದು ಓಡ್ತಾನಾ?" ಎಂದ.

"ನೀನು ನಿನ್ನ ಗುಂಡಿ ನೋಡ್ಕೋ."

ಮಂಚದ ಮೇಲೆ ಮಲಗಿದ್ದವನಿಗೆ ಇದೇನೂ ಹೊಸದಲ್ಲ. ಬಟ್ಟೆ ಒಗೆಯುವ ಮುಂಚೆ ತಮ್ಮನ ಜೇಬು ನೋಡುವುದು ಆ ಮನೆಯ ನಿತ್ಯನೇಮ. ನೋಡದಿದ್ದರೆ ಬಕೆಟ್ಟಿಗೆ ಆಯಸ್ಕಾಂತ, ಬಲೂನು, ಭೂತಗನ್ನಡಿ ಎಲ್ಲವೂ ಹೋಗುತ್ತಿದ್ದವು. ಒಮ್ಮೆ ಮಳೆಯಲ್ಲಿ ನೆನೆದು ಬಂದವನು ಕೋಟು ಬಿಚ್ಚಿ ಮೂಲೆಗೆ ಎಸೆದಿದ್ದ. ಮೂರ್ನಾಲ್ಕು ದಿನ ಬಿಟ್ಟು ಅಕ್ಕ ಅದನ್ನು ಎತ್ತಿದರೆ ಜೇಬಿನೊಳಗೆ ಕಾಳು ಮೊಳಕೆಯೊಡೆದು ಕತ್ತು ಹೊರಗೆ ಹಾಕಿತ್ತು. ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟಿದ್ದಳು.

ಇವತ್ತು ಸಿಕ್ಕಿದ್ದು ಒಂದು ತುಂಡು ಸೀಮೆಸುಣ್ಣ, ಒಂದು ರಬ್ಬರ್ ಬ್ಯಾಂಡು. ಹುಡುಕುತ್ತಿದ್ದದ್ದು ಮಾತ್ರ ಇರಲಿಲ್ಲ.

"ಶಾಲೆಯ ಶೆಡ್ಡಿನ ಬೀಗದ ಕೈ ಎಲ್ಲಿ?"

"ಆಸ್ಪತ್ರೆಯಲ್ಲಿ ಬಿದ್ದಿರುತ್ತೆ ಬಿಡಿ," ಎಂದ ದರ್ಜಿ.

"ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಅವನ ಉಗುರು ಕತ್ತರಿ ಸಮೇತ ಎಲ್ಲ ಇದೆ. ಬೀಗದ ಕೈಗೆ ಏನು ಕಾಲು ಬಂತಾ?"

ದರ್ಜಿ ಮತ್ತೆ ಗುಂಡಿಗೆ ಕೈಹಾಕಿದ. ಆ ಕೋಟನ್ನು ಹೊಲಿದವನು ಅವನೇ. ಒಂದು ಕೋಟಿಗೆ ಇಷ್ಟು ಜೇಬು ಯಾಕೆ ಎಂದು ಆಗ ಕೇಳಿದ್ದಕ್ಕೆ, "ನಮ್ಮಕ್ಕನಿಗೆ ಕೆಲಸ ಬೇಡ್ವಾ, ರಿಟೈರ್ ಆಗಿದ್ದಾಳೆ," ಎಂದು ತಮ್ಮ ಕಣ್ಣು ಮಿಟುಕಿಸಿದ್ದ. ಈಗ ಅದೇ ಕೋಟಿನ ಕೊರಳಪಟ್ಟಿ ಸರಿಮಾಡುತ್ತ ದರ್ಜಿ ಮೂಗು ಒರೆಸಿಕೊಂಡ.

ಅಕ್ಕನ ಉದ್ಯೋಗವೇ ಅನುಮಾನ. ತಲೆ ನೆರೆಯುವ ತನಕ ಬಸ್ಸುಗಳಲ್ಲಿ ಟಿಕೆಟ್ ಪರೀಕ್ಷಿಸುವ ಇನ್‌ಸ್ಪೆಕ್ಟರ್ ಆಗಿದ್ದವಳು. ಸ್ವಂತ ಸೋದರಮಾವನನ್ನೇ ನಡುದಾರಿಯಲ್ಲಿ ಇಳಿಸಿ, ಮುಂದಿನ ಮದುವೆಮನೆಗೆ ಅವನು ಮುಖ ತಿರುಗಿಸಿಕೊಂಡು ಬಂದರೂ ತಲೆ ಕೆಡಿಸಿಕೊಳ್ಳದವಳು. ಟಿಕೆಟ್ ಇಲ್ಲದವನನ್ನು ಹಿಡಿಯಲು ಟಿಕೆಟ್ ಕೇಳಬೇಕಾಗಿಲ್ಲ ಎಂಬುದು ಅವಳ ಸಿದ್ಧಾಂತ. ಬಸ್ಸು ಹತ್ತಿ ಒಂದು ಸಲ ಕಣ್ಣಾಡಿಸಿದರೆ ಸಾಕು, ಯಾರು ಕಿಟಕಿಯ ಹೊರಗಿನ ಬೋಳುಗೋಡೆಯನ್ನು ಅತಿಯಾದ ಆಸಕ್ತಿಯಿಂದ ನೋಡುತ್ತಿದ್ದಾರೋ ಅವರ ಹತ್ತಿರ ಟಿಕೆಟ್ ಇಲ್ಲ.

ನಿನ್ನೆ ಆಸ್ಪತ್ರೆಯಲ್ಲೂ ಅವಳ ಕಿವಿಗೆ ಒಂದು ಮಾತು ಬಿದ್ದಿತ್ತು. ವಯಸ್ಸಾದ ಡಾಕ್ಟರು ಬಾಗಿಲಿಗೆ ಬಂದು, ಕನ್ನಡಕ ತೆಗೆದು, "ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ..." ಎಂದಿದ್ದರು. ಅಷ್ಟರಲ್ಲಿ ಪ್ರಾಥಮಿಕ ಶಾಲೆಯ ಹೆಡ್ ಮೇಡಂ ನಡುವೆ ನುಗ್ಗಿ, "ಬನ್ನಿ ಅಕ್ಕಾ, ಮೊದಲು ಕೂತ್ಕೊಳ್ಳಿ," ಎಂದು ತೋಳು ಹಿಡಿದು ಎಳೆದುಕೊಂಡು ಹೋಗಿದ್ದಳು. ಡಾಕ್ಟರ ಮಾತು ಅಲ್ಲೇ ತುಂಡಾಯಿತು. ಮುಂಚೆ ಅಂದರೆ ಯಾವುದಕ್ಕಿಂತ ಮುಂಚೆ? ತಮ್ಮ ಕುಸಿದದ್ದು ಶೆಡ್ಡಿನಲ್ಲಿ. ಶೆಡ್ಡಿನಿಂದ ಹೆಡ್ ಮೇಡಂ ಕೋಣೆಗೆ ಕೂಗಿದರೆ ಕೇಳುವಷ್ಟು ದೂರ. ತಡವಾಗುವುದಕ್ಕೆ ಅಲ್ಲಿ ಏನಿತ್ತು? ರಾತ್ರಿಯಿಡೀ ಆ ಪ್ರಶ್ನೆ ಗಂಟಲಿಗೆ ಸಿಕ್ಕಿದ ಮುಳ್ಳಿನಂತೆ ಚುಚ್ಚಿತ್ತು.

"ಮಕ್ಕಳು ಬಂದ್ವು," ಎಂದ ದರ್ಜಿ.

ಹೆಡ್ ಮೇಡಂ ಮಕ್ಕಳನ್ನು ಸಾಲಾಗಿ ಕರೆತಂದಿದ್ದಳು. ಶಾಲೆ ಬಿಟ್ಟ ಮೇಲೆ ಶೆಡ್ಡಿಗೆ ಬಂದು ತಮ್ಮನ ಜೊತೆ ನೀರು, ಗಾಜು, ತಂತಿ, ಬೀಜ ಎಂದು ಕೈ ಕೊಳಕು ಮಾಡಿಕೊಳ್ಳುತ್ತಿದ್ದ ಮಕ್ಕಳು ಇವು. ಎಲ್ಲರ ಕೈಯಲ್ಲೂ ಒಂದೊಂದು ಹೂವು, ಎಲ್ಲರ ಕೂದಲಿಗೂ ಎಣ್ಣೆ. ಯಾವತ್ತೂ ಇಷ್ಟು ಚೊಕ್ಕಟವಾಗಿ ಅವನ ಮುಂದೆ ನಿಂತವಲ್ಲ. ಹೂವಿಟ್ಟು, ಒಬ್ಬೊಬ್ಬರಾಗಿ ಅಕ್ಕನ ಹತ್ತಿರ ಬಂದರು.

ಮೊದಲು ಬಂದವನು ಮುಂದಿನ ಹಲ್ಲು ಬಿದ್ದ ಹುಡುಗ. "ಮೇಷ್ಟ್ರು ಕುರ್ಚಿ ಮೇಲೆ ಕೂತ್ರು. ನೀರು ಕುಡಿದ್ರು. ನಕ್ಕರು. ಹಾಗೇ ಕಣ್ಣು ಮುಚ್ಚಿದ್ರು," ಎಂದ.

ನಕ್ಕ ಎಂಬ ಮಾತು ಕೇಳಿ ಅಕ್ಕನ ಕಣ್ಣು ತುಂಬಿಬಂತು. ನಿನ್ನೆಯಿಂದ ಬಾರದಿದ್ದ ಅಳು ಈಗ ಉಕ್ಕಿತು. ಅವಳು ಹುಡುಗನ ತಲೆ ಸವರಿದಳು.

ಎರಡನೆಯವಳು ಬಂದಳು. "ಮೇಷ್ಟ್ರು ಕುರ್ಚಿ ಮೇಲೆ ಕೂತ್ರು. ನೀರು ಕುಡಿದ್ರು. ನಕ್ಕರು. ಹಾಗೇ ಕಣ್ಣು ಮುಚ್ಚಿದ್ರು."

ಮೂರನೆಯವನು ಬಂದ. ಕುರ್ಚಿ, ನೀರು, ನಗು, ಕಣ್ಣು. ಅದೇ ಮಾತು, ಅದೇ ಸಾಲು, ಉಸಿರು ತೆಗೆದುಕೊಂಡ ಜಾಗವೂ ಅದೇ.

ಅಕ್ಕ ಕಣ್ಣೊರೆಸಿಕೊಂಡು ತಲೆಯೆತ್ತಿದಳು. ಸಾಲಿನಲ್ಲಿ ಉಳಿದ ಮಕ್ಕಳೆಲ್ಲ ಕಿಟಕಿಯ ಹೊರಗೆ ನೋಡುತ್ತಿದ್ದರು.

*

ತಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವನು. ಊರಿನ ಅರ್ಧ ಜನ ಅವನು ಉಜ್ಜಿದ ಗಾಜಿನಿಂದಲೇ ಲೋಕ ನೋಡುತ್ತಿದ್ದರೂ ಅವನ ಮುಖ ಯಾರಿಗೂ ಗೊತ್ತಿರಲಿಲ್ಲ. ಅವನ ಕೆಲಸ ಅಂಗಡಿಯ ಹಿಂದಿನ ಕೋಣೆಯಲ್ಲಿ. ಉಜ್ಜುವ ಯಂತ್ರ ಬಂದ ಮೇಲೆ ಮಾಲೀಕ ಅವನಿಗೆ ಅರ್ಧ ದಿನದ ಕೆಲಸ ಮಾತ್ರ ಉಳಿಸಿದ. ಉಳಿದರ್ಧ ದಿನ ಮನೆಯಲ್ಲಿ ಕೂತು ಅಕ್ಕನ ತಲೆ ತಿನ್ನುತ್ತಿದ್ದವನು, ಒಂದು ಸಂಜೆ ಎದುರಿನ ಶಾಲೆಯ ಹಳೇ ಸೈಕಲ್ ಶೆಡ್ಡನ್ನು ಕೇಳಿ ಪಡೆದು ಬಂದ.

"ವಿಜ್ಞಾನ ಹೇಳ್ಕೊಡ್ತೀಯಾ? ನಿನಗೇನು ಬರುತ್ತೆ ಮಣ್ಣು!" ಎಂದಿದ್ದಳು ಅಕ್ಕ.

"ನನಗೆ ಬರಲ್ಲ. ಅದಕ್ಕೇ ಮಕ್ಕಳ ಜೊತೆ ಮಾಡಿ ನೋಡೋಣ ಅಂತ."

ಬರುವುದಿಲ್ಲ ಎಂಬುದು ಮೊದಲ ದಿನವೇ ಬಯಲಾಯಿತು. ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿಸಿ, ಭಾರದ ವಸ್ತು ಮುಳುಗುತ್ತದೆ, ಹಗುರದ್ದು ತೇಲುತ್ತದೆ ಎಂದು ಠೀವಿಯಿಂದ ಹೇಳಿದ. ಒಬ್ಬ ಚಿಕ್ಕ ಹುಡುಗಿ ಗುಂಡುಸೂಜಿ ಹಾಕಿದಳು, ಮುಳುಗಿತು. ಅಡುಗೆಮನೆಯಿಂದ ತಂದಿಟ್ಟಿದ್ದ ಕುಂಬಳಕಾಯಿಯನ್ನು ಇಬ್ಬರ ಸಹಾಯದಿಂದ ಉರುಳಿಸಿದಳು, ಅದು ಹಾಯಾಗಿ ತೇಲಿತು. "ಮೇಷ್ಟ್ರೇ, ಗುಂಡುಸೂಜಿ ಕುಂಬಳಕಾಯಿಗಿಂತ ಭಾರಾನಾ?" ಎಂದು ಕೇಳಿದಳು. ತಮ್ಮನ ಮುಖ ಕೆಂಪಾಯಿತು. ಕೊನೆಗೆ ಚಪ್ಪಾಳೆ ತಟ್ಟಿ, "ಭೇಷ್! ನಾನು ಹೇಳಿದ್ದು ಇವತ್ತಿನ ಸುಳ್ಳು! ಯಾರು ಹಿಡೀತೀರಿ ಅಂತ ನೋಡಿದೆ," ಎಂದ.

ಸಂಜೆ ಬಂದು ಅಕ್ಕನ ಮುಂದೆ ನಿಜ ಒಪ್ಪಿಕೊಂಡಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನು!"

ಆದರೆ ಮರುದಿನ ಮಕ್ಕಳು ಬಂದ ತಕ್ಷಣ ಕೇಳಿದ್ದೇ ಅದು: ಇವತ್ತಿನ ಸುಳ್ಳು ಯಾವುದು ಮೇಷ್ಟ್ರೇ? ಅಂದಿನಿಂದ ಅದೇ ಶೆಡ್ಡಿನ ಕಟ್ಟಳೆಯಾಯಿತು. ದಿನಕ್ಕೊಂದು ಸುಳ್ಳು, ಮಕ್ಕಳು ಮಾಡಿ ನೋಡಿ ಹಿಡಿಯಬೇಕು. ಮೇಜಿನ ಮೇಲೆ ಪ್ರತಿ ಮಗುವಿಗೂ ಸೀಮೆಸುಣ್ಣದ ಒಂದು ವೃತ್ತ, ಒಂದು ಸೋಡಾ ಬಾಟಲಿಯ ತಗಡಿನ ಮುಚ್ಚಳ. ಮೇಷ್ಟ್ರ ಮಾತು ನಂಬಿದರೆ ಮುಚ್ಚಳವನ್ನು ಬಟ್ಟಲಿನ ಹಾಗೆ ಇಡುವುದು. ನಂಬದಿದ್ದರೆ ಬೋರಲು ಹಾಕುವುದು. ಬೆರಳು ತೆಗೆಯುವ ತನಕ ಮನಸ್ಸು ಬದಲಾಯಿಸಬಹುದು, ತೆಗೆದ ಮೇಲೆ ಆಡಿದ ಮಾತಿಗೆ ನಿಲ್ಲಬೇಕು. ಆ ಗುಂಡುಸೂಜಿಯ ಹುಡುಗಿ ಎಲ್ಲರಿಗಿಂತ ಮೊದಲು ಬೋರಲು ಹಾಕಿ "ಸುಳ್ಳು!" ಎಂದು ಕೂಗುತ್ತಿದ್ದಳು. ತಮ್ಮ ಅವಳಿಗೆ ಜಡ್ಜಮ್ಮ ಎಂದು ಹೆಸರಿಟ್ಟ.

ಇನ್ನೊಂದು ಕಟ್ಟಳೆ ಅಳತೆಯದು. ಒಂದೇ ಬೆಂಚನ್ನು ಎಲ್ಲರೂ ಗೇಣು ಹಾಕಿ ಅಳೆದು ಹೇಳಬೇಕು. ಒಮ್ಮೆ ಎಲ್ಲರ ಉತ್ತರವೂ ಒಂದೇ ಬಂದಾಗ ಮಕ್ಕಳು ಖುಷಿಯಿಂದ ಕುಣಿದಾಡಿದರು. ತಮ್ಮ ಮಾತ್ರ ಹುಬ್ಬೇರಿಸಿದ. "ಒಬ್ಬೊಬ್ಬರ ಕೈ ಒಂದೊಂದು ಥರ ಇದೆ. ಉತ್ತರ ಹೇಗ್ರೋ ಒಂದೇ ಬಂತು? ಇದು ಅಳತೆ ಅಲ್ಲ, ನಕಲು. ಯಾರಿಂದ ಶುರುವಾಯ್ತು ಹೇಳಿ."

ಅದನ್ನು ಅಕ್ಕನಿಗೆ ಹೇಳಿದಾಗ ಅವಳಿಗೆ ತಮ್ಮನ ಬಗ್ಗೆ ಮೊದಲ ಬಾರಿ ಗೌರವ ಬಂದಿತ್ತು. ಸಾಲಾಗಿ ಕೂತ ಪ್ರಯಾಣಿಕರೆಲ್ಲ ಟಿಕೆಟ್ ಗಾಳಿಗೆ ಹಾರಿಹೋಯಿತು ಎಂದರೆ ಅವಳೂ ಕೇಳುತ್ತಿದ್ದ ಪ್ರಶ್ನೆ ಅದೇ. ಆದರೂ ಒಂದು ಮಾತು ಹೇಳದೆ ಬಿಡಲಿಲ್ಲ: "ದಿನಾ ಸುಳ್ಳು ಹೇಳೋನು ಒಂದಿನ ನಿಜ ಹೇಳಿದ್ರೆ ಯಾರು ನಂಬ್ತಾರೆ?"

"ನಂಬೋದು ಬೇಡ ಅಕ್ಕಾ, ಪರೀಕ್ಷೆ ಮಾಡಿ ನೋಡಿದ್ರೆ ಸಾಕು," ಎಂದಿದ್ದ ತಮ್ಮ. "ನಿನಗೇನು ಗೊತ್ತು ಅದರ ಕಷ್ಟ. ಸುಳ್ಳು ಹೇಳೋಕೂ ಅಭ್ಯಾಸ ಬೇಕು. ನೀನಂತೂ ಒಂದು ಹೇಳಿದ್ರೆ ಅಲ್ಲೇ ಸಿಕ್ಕಿಬೀಳ್ತೀಯ."

*

ಹೆಡ್ ಮೇಡಂ ಅಡುಗೆಮನೆಯಲ್ಲಿ ಆಗಲೇ ತೊಳೆದಿಟ್ಟಿದ್ದ ಲೋಟಗಳನ್ನು ಮತ್ತೆ ತೊಳೆಯುತ್ತಿದ್ದಳು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಮಕ್ಕಳಿಗೆ ಬಾಯಿಪಾಠ ಚೆನ್ನಾಗಿ ಮಾಡಿಸಿದ್ದೀರಿ."

"ಏನು ಅಕ್ಕಾ?"

"ಕುರ್ಚಿ, ನೀರು ಎಲ್ಲ ಸರಿ. 'ನಕ್ಕರು' ಅನ್ನೋದನ್ನ ಯಾರು ಸೇರಿಸಿದ್ದು? ಕೇಳೋರಿಗೆ ಸಮಾಧಾನ ಆಗ್ಲಿ ಅಂತ ನೀವೇ ಒಗ್ಗರಣೆ ಹಾಕಿದ್ದಾ?"

ಹೆಡ್ ಮೇಡಂ ಕೈಯ ಲೋಟ ಕೆಳಗಿಟ್ಟಳು. "ಮಕ್ಕಳು ಹೆದರಿಹೋಗಿದ್ದಾರೆ. ನಿಮ್ಮ ಹತ್ರ ಏನು ಹೇಳ್ಬೇಕು ಅಂತ ಅಳ್ತಿದ್ರು. ಅದಕ್ಕೆ..."

"ನಡೆದಿದ್ದನ್ನ ಹೇಳ್ಬೇಕು. ಅದನ್ನ ಹೇಳ್ಕೊಡೋದೇನು ಬಂತು?" ಅಕ್ಕನ ಧ್ವನಿ ಏರಿತು. "ಆ ಶೆಡ್ಡಿನ ವೈರು ಹರಿದಿದೆ, ಸರಿ ಮಾಡಿಸಿ ಅಂತ ನಾನೇ ಬಂದು ಹೇಳಿದ್ದೆ. ವೈರಿಂದ ಆಗಿದ್ದಾ?"

"ಅಯ್ಯೋ, ಇಲ್ಲ ಅಕ್ಕಾ! ಎದೆಯದ್ದೇ ಅಂತ ಡಾಕ್ಟರೇ ಹೇಳಿದ್ರಲ್ಲ."

"ಡಾಕ್ಟರು ಇನ್ನೂ ಏನೋ ಹೇಳೋಕೆ ಹೊರಟಿದ್ರು. ನೀವು ಬಿಡಲಿಲ್ಲ. ಶೆಡ್ಡಿನ ಬೀಗದ ಕೈ ಯಾಕೆ ತಗೊಂಡ್ರಿ?"

"ಬೀಗದ ಕೈ ನನ್ನ ಹತ್ರ ಇಲ್ಲ," ಎಂದು ಹೆಡ್ ಮೇಡಂ ಕೂಡಲೇ ಸೊಂಟದ ಚೀಲ ಮುಟ್ಟಿ ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಎಂದುಕೊಂಡಳು ಅಕ್ಕ.

"ಜಡ್ಜಮ್ಮ ಎಲ್ಲಿ? ಎಲ್ಲರೂ ಬಂದಿದ್ದಾರೆ, ಅವಳು ಮಾತ್ರ ಇಲ್ಲ."

"ಅವಳಿಗೆ ಜ್ವರ." ಹೆಡ್ ಮೇಡಂ ಅಡುಗೆಮನೆಯ ಕಿಟಕಿಯ ಕಡೆ ನೋಡಿದಳು. ಅದರಾಚೆ ಗೋಡೆಯ ಹೊರತು ಏನೂ ಇರಲಿಲ್ಲ. "ನಿಮ್ಮ ದಮ್ಮಯ್ಯ ಅಕ್ಕಾ, ಇವತ್ತೊಂದು ದಿನ ಬೇಡ."

ಅಕ್ಕ ಹೊರಕೋಣೆಗೆ ಬಂದಳು. ಬಾಗಿಲ ಹತ್ತಿರ ಜಡ್ಜಮ್ಮನ ತಾಯಿ ನಿಂತಿದ್ದಳು. ಬೇಕರಿಯಲ್ಲಿ ಕೆಲಸ ಮಾಡುವವಳು, ತೋಳಿನ ಮೇಲೆ ಇನ್ನೂ ಹಿಟ್ಟಿನ ಗುರುತು. ಒಳಗೆ ಬರಲೋ ಬೇಡವೋ ಎಂಬಂತೆ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ. ಕಣ್ಣು ಮಾತ್ರ ರಸ್ತೆಯ ಮೇಲೆಲ್ಲ ಓಡಾಡುತ್ತಿತ್ತು.

"ಮಗಳು ಹೇಗಿದ್ದಾಳೆ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ಹೊಟ್ಟೆನೋವು. ಮಲಗಿದ್ದಾಳೆ."

"ಮೇಡಂ ಜ್ವರ ಅಂದ್ರು."

"ಹೌದು, ಜ್ವರಾನೂ ಇದೆ," ಎಂದಳು ತಾಯಿ.

ಒಂದೇ ಉತ್ತರ ಬಂದರೆ ನಕಲು, ಎರಡು ಉತ್ತರ ಬಂದರೆ ಹೊಂದಿಸಿಕೊಳ್ಳಲು ಪುರುಸೊತ್ತಾಗಲಿಲ್ಲ ಎಂದರ್ಥ. ಕಾಯಿಲೆ ಬಿದ್ದ ಮಗುವನ್ನು ಮನೆಯಲ್ಲಿ ಬಿಟ್ಟು ಬಂದವಳು ರಸ್ತೆಯಲ್ಲಿ ಯಾರನ್ನು ಹುಡುಕುತ್ತಾಳೆ? ಅಕ್ಕ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಹೊರಟಿರಿ? ಗಾಡಿ ಬರೋ ಹೊತ್ತಾಯ್ತು!" ದರ್ಜಿ ಹಿಂದೆಯೇ ಓಡಿಬಂದ.

"ಬಂದ್ರೆ ಕಾಯೋಕೆ ಹೇಳು. ಅವನಿಗೇನೂ ಅವಸರ ಇಲ್ಲ."

*

ಶೆಡ್ಡಿಗೆ ಅವಳು ಹಿಂದೆ ಹೋಗಿದ್ದುದೇ ಅಪರೂಪ. ಈಚೆಗೆ ಒಂದು ದಿನ, ತಮ್ಮ ಮರೆತುಹೋಗಿದ್ದ ಕನ್ನಡಕ ಕೊಡಲು ಹೋದಾಗ ಬಾಗಿಲಲ್ಲೇ ಅವಳ ಎದೆ ಧಸಕ್ಕೆಂದಿತ್ತು. ತಮ್ಮ ನೆಲದ ಮೇಲೆ ಅಂಗಾತ ಬಿದ್ದಿದ್ದ. ಮಕ್ಕಳು ಸುತ್ತ ನಿಂತಿದ್ದರು.

"ನನ್ನ ಎದೆ ನಿಂತುಹೋಗಿದೆ," ಎಂದು ಅವನು ಕಣ್ಣು ಮುಚ್ಚಿಕೊಂಡೇ ಘೋಷಿಸಿದ.

ಜಡ್ಜಮ್ಮ ಎಣ್ಣೆ ಸುರಿಯುವ ಆಲಿಕೆಗೆ ರಬ್ಬರ್ ಕೊಳವೆ ಸಿಕ್ಕಿಸಿದ್ದನ್ನು ತಂದಳು. ಆಲಿಕೆಯನ್ನು ಅವನ ಎದೆಗಿಟ್ಟು, ಕೊಳವೆಯ ತುದಿಯನ್ನು ಕಿವಿಗೆ ಹಿಡಿದು, ಹುಬ್ಬು ಗಂಟಿಕ್ಕಿ ಕೇಳಿದಳು. "ಸುಳ್ಳು! ಬಡ್ಕೋತಾ ಇದೆ!" ಮಕ್ಕಳೆಲ್ಲ ಕಿರುಚಿಕೊಂಡು ಮುಚ್ಚಳ ಬೋರಲು ಹಾಕಿದರು. ತಮ್ಮ ಎದ್ದು ಕೂತು, "ಭೇಷ್!" ಎಂದ. ಆಮೇಲೆ ಎಲ್ಲರೂ ಸರದಿಯ ಮೇಲೆ ಎಲ್ಲರ ಎದೆಯನ್ನೂ ಕೇಳಿದರು. ಓಡಿಬಂದು ಕೇಳಿದರು, ಕೂತು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಅಕ್ಕನ ಎದೆಯನ್ನೂ ಬಿಡಲಿಲ್ಲ. "ಅಕ್ಕನದು ಎಲ್ಲರಿಗಿಂತ ಜೋರು!" ಎಂದು ಜಡ್ಜಮ್ಮ ತೀರ್ಪು ಕೊಟ್ಟಳು.

"ಜೋರಾಗದೆ ಏನು," ಎಂದು ಅಕ್ಕ ಮನೆಗೆ ಬಂದ ಮೇಲೆ ತಮ್ಮನನ್ನು ಬೈದಿದ್ದಳು. "ಬಿಡ್ತು ಅನ್ನು. ಅಂಥ ಮಾತು ಬಾಯಲ್ಲಿ ಬರಬಾರದು."

*

ಶೆಡ್ಡಿಗೆ ಬೀಗ ಇರಲಿಲ್ಲ. ಬಾಗಿಲು ತಳ್ಳಿದಾಗ ತೆರೆದುಕೊಂಡಿತು.

ಒಳಗೆ ಎಲ್ಲ ಎಂದಿನಂತೆಯೇ ಇತ್ತು. ಕಪಾಟಿನ ಮೇಲೆ ಬಾಟಲಿಗಳು, ಗೋಡೆಗೆ ದಾರದಲ್ಲಿ ತೂಗುಬಿಟ್ಟ ತಂತಿಯ ಗ್ರಹಗಳು, ಕಿಟಕಿಯಲ್ಲಿ ಹತ್ತಿಯ ಮೇಲೆ ಮೊಳಕೆ. ಹರಿದ ವೈರಿಗೆ ಯಾರೋ ಹೊಸ ಟೇಪು ಸುತ್ತಿದ್ದರು. ಅದನ್ನು ಕಂಡು ಅಕ್ಕನಿಗೆ ಒಂದು ಕ್ಷಣ ನಾಚಿಕೆಯಾಯಿತು. ತಮ್ಮನ ಕುರ್ಚಿ ಮೇಜಿನಿಂದ ಸ್ವಲ್ಪ ಹಿಂದಕ್ಕೆ ಸರಿದಿತ್ತು. ಮೇಜಿನ ಮೇಲೆ ಅರ್ಧ ಕುಡಿದ ನೀರಿನ ಲೋಟ. ಅದರ ಮುಂದೆ ಸೀಮೆಸುಣ್ಣದ ವೃತ್ತಗಳಲ್ಲಿ ತಗಡಿನ ಮುಚ್ಚಳಗಳು.

ಎಲ್ಲವೂ ಬೋರಲು.

ಅಕ್ಕ ಮೇಜಿನ ಸುತ್ತ ಒಂದು ಸಲ ಬಂದಳು. ತೊಟ್ಟಿಯಲ್ಲಿ ನೀರಿಲ್ಲ, ಒಲೆಯ ಮೇಲೆ ಪಾತ್ರೆ ಇಲ್ಲ, ಪ್ರಯೋಗದ ಯಾವ ಸಾಮಾನೂ ಹೊರಗೆ ಬಂದಿಲ್ಲ. ಅಂದರೆ ನಿನ್ನೆಯ ಪಾಠ ಇನ್ನೂ ಶುರುವೇ ಆಗಿರಲಿಲ್ಲ. ಆದರೂ ಅವನು ಏನೋ ಹೇಳಿದ್ದಾನೆ. ಅದನ್ನು ಒಂದು ಮಗುವೂ ನಂಬಿಲ್ಲ.

"ಮುಟ್ಟಬೇಡಿ," ಎಂದಿತು ಒಂದು ಧ್ವನಿ.

ಕಪಾಟಿನ ಪಕ್ಕದ ಸಂದಿಯಲ್ಲಿ ಜಡ್ಜಮ್ಮ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಕೈಯಲ್ಲಿ ಶೆಡ್ಡಿನ ಬೀಗದ ಕೈ ಇತ್ತು. ಜ್ವರವೂ ಇರಲಿಲ್ಲ, ಹೊಟ್ಟೆನೋವೂ ಕಾಣಲಿಲ್ಲ.

"ಪ್ರಯೋಗ ಮುಗಿಯೋ ತನಕ ಸಾಮಾನು ಕದಲಿಸಬಾರದು. ಅದಕ್ಕೇ ನಿನ್ನೆ ನಾನು ಬೀಗ ಹಾಕ್ಕೊಂಡು ಹೋಗಿದ್ದೆ," ಎಂದಳು.

"ನಿನ್ನಮ್ಮ ಹುಡುಕ್ತಿದ್ದಾಳೆ."

ಹುಡುಗಿ ಮೊಣಕಾಲನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಅಕ್ಕ ತಮ್ಮನ ಕುರ್ಚಿಯನ್ನು ಎಳೆಯಲು ಹೋಗಿ, ಬಿಟ್ಟು, ನೆಲದ ಮೇಲೆಯೇ ಅವಳ ಎದುರು ಕೂತಳು. ಮಂಡಿ ಲಟಕ್ಕೆಂದಿತು. ಇಳಿಸಿದ ಪ್ರಯಾಣಿಕರನ್ನು ವಿಚಾರಿಸುತ್ತಿದ್ದ ಧ್ವನಿ ತಾನಾಗಿಯೇ ಬಂತು.

"ಕುರ್ಚಿ ಮೇಲೆ ಕೂತ್ರು, ನೀರು ಕುಡಿದ್ರು, ನಕ್ಕರು, ಕಣ್ಣು ಮುಚ್ಚಿದ್ರು. ಇದು ನನಗೆ ಗೊತ್ತಾಯ್ತು. ಇದರ ಮಧ್ಯೆ ಬಿಟ್ಟಿದ್ದೇನು?"

"ಮೇಡಂ ಹೇಳಬಾರದು ಅಂದಿದ್ದಾರೆ."

"ಮೇಡಂ ಇಲ್ಲಿಲ್ಲ. ನೀನು ನೋಡಿದ್ದು ಹೇಳು. ನಿನ್ನ ಕಣ್ಣಿಂದ."

ಹುಡುಗಿ ಬೀಗದ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಒಂದೇ ಉಸಿರಿಗೆ ಶುರುಮಾಡಿದಳು. "ಮೇಷ್ಟ್ರು ಬಂದು ಕೂತ್ರು. ತುಂಬಾ ಬೆವರ್ತಿದ್ರು. ನೀರು ಕುಡಿದ್ರು. 'ಮಕ್ಕಳೇ, ನನಗೆ ಆಗ್ತಿಲ್ಲ, ಯಾರಾದ್ರೂ ಹೋಗಿ ಮೇಡಂನ ಕರೀರಿ' ಅಂದ್ರು. ಇವತ್ತಿನ ಸುಳ್ಳು ಇನ್ನೂ ಹೇಳಿರಲಿಲ್ಲ. ಅದಕ್ಕೆ..."

"ಅದಕ್ಕೆ?"

"ನಾನು ಸುಳ್ಳು ಅಂದೆ. ಎಲ್ಲರಿಗಿಂತ ಮೊದಲು ನಾನೇ ಅಂದೆ. ನಾನು ಬೋರಲು ಹಾಕಿದ ಮೇಲೆ ಎಲ್ಲರೂ ಹಾಕಿದ್ರು."

"ಅವನು ಏನಂದ?"

"ಏನೂ ಅನ್ನಲಿಲ್ಲ. ಮುಚ್ಚಳಗಳನ್ನ ನೋಡಿದ್ರು. ನಕ್ಕರು. ಆಮೇಲೆ ಕಣ್ಣು ಮುಚ್ಚಿದ್ರು."

ನಗು ನಿಜವಾಗಿತ್ತು. ಬೇರೆ ಯಾರೂ ಸೇರಿಸಿದ್ದಲ್ಲ. ಅಕ್ಕ ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡಳು.

"ನಾವು ಕಾದ್ವಿ. ಎದ್ದು ಭೇಷ್ ಅಂತಾರೆ ಅಂತ. ಏಳಲಿಲ್ಲ. ಆವಾಗ ನಾನು ಆಲಿಕೆ ತಂದು ಇಟ್ಟು ನೋಡಿದೆ. ಏನೂ ಕೇಳಿಸಲಿಲ್ಲ. ಕೊಳವೆ ಕಟ್ಟಿಕೊಂಡಿದೆಯೇನೋ ಅಂತ ಊದಿದೆ. ಗಾಳಿ ಹೋಯ್ತು. ಆಮೇಲೆ ನನ್ನ ಎದೆಗೇ ಇಟ್ಟುಕೊಂಡು ಕೇಳಿದೆ." ಹುಡುಗಿ ತನ್ನ ಎದೆ ಮುಟ್ಟಿ ತೋರಿಸಿದಳು. "ನಂದು ಕೇಳಿಸ್ತು. ಆಮೇಲೆ ಓಡಿದೆ."

ಅಕ್ಕನಿಗೆ ಬಂದದ್ದು ಮೊದಲು ಕೋಪವೇ. ಆ ಹುಡುಗಿಯ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಮರುಗಳಿಗೆ ಕೋಪ ತಮ್ಮನ ಮೇಲೆ ಹೊರಳಿತು. ಹೇಳಿದ್ದೆನಲ್ಲೋ ನಿನಗೆ, ಹೇಳಿದ್ದೆನಲ್ಲೋ ಮುಠ್ಠಾಳ, ಎಂದು ಒಳಗೇ ಕೂಗಿದಳು. ಅವನ ಕಿವಿ ಹಿಂಡಲೂ ಇನ್ನು ಆಗುವುದಿಲ್ಲ ಎಂಬುದು ಆಗ ನೆನಪಾಗಿ ಕೋಪವೂ ಹೋಯಿತು. ಉಳಿದದ್ದು ಎದುರಿಗೆ ಕೂತಿದ್ದ ಒಂದು ಮಗು. ಅದರ ಕಣ್ಣು ಅಕ್ಕನ ಮುಖವನ್ನು ಬಿಟ್ಟು ಕದಲಲಿಲ್ಲ.

"ಕರೀರಿ ಅಂದ ತಕ್ಷಣ ನಾನು ಓಡಿದ್ರೆ ಮೇಷ್ಟ್ರು ಬದುಕ್ತಿದ್ರಾ?" ಎಂದು ಕೇಳಿತು.

ಅಕ್ಕನಿಗೆ ಡಾಕ್ಟರ ತುಂಡು ಮಾತು ನೆನಪಾಯಿತು. ಆ ಮಾತಿನ ಉಳಿದರ್ಧ ಏನೆಂದು ಅವಳಿಗೆ ಈಗ ಗೊತ್ತಿತ್ತು. ಅಡುಗೆಮನೆಯಲ್ಲಿ ತೊಳೆದ ಲೋಟ ತೊಳೆಯುತ್ತಿದ್ದವಳಿಗೂ ಗೊತ್ತಿತ್ತು. ಈ ಹುಡುಗಿ ಅದನ್ನು ಇವತ್ತಲ್ಲ ನಾಳೆ ಯಾರ ಬಾಯಿಂದಲೋ ಕೇಳುತ್ತಾಳೆ, ಕೇಳಿದ್ದನ್ನು ಮುದುಕಿಯಾಗುವ ತನಕ ಹೊರುತ್ತಾಳೆ.

"ಡಾಕ್ಟರು ನನಗೆ ಹೇಳಿದ್ದಾರೆ," ಎಂದಳು ಅಕ್ಕ. "ಯಾರೂ ಏನೂ ಮಾಡೋಕೆ ಆಗ್ತಿರಲಿಲ್ಲ."

"ಏನಂದ್ರು? ಅವರು ಹೇಳಿದ ಹಾಗೇ ಹೇಳಿ."

ತಮ್ಮ ಕಲಿಸಿದ ಪಾಠ. ಕೇಳಿದ್ದನ್ನು ಕೇಳಿದ ಹಾಗೆ, ನೋಡಿದ್ದನ್ನು ನೋಡಿದ ಹಾಗೆ. ಅಕ್ಕನ ಕತ್ತು ತಾನಾಗಿಯೇ ಕಿಟಕಿಯ ಕಡೆ ತಿರುಗತೊಡಗಿತು. ಮೊಳಕೆಗಳ ಹಸಿರು ಕಣ್ಣಂಚಿಗೆ ಬಿದ್ದಾಗಲೇ ಅವಳಿಗೆ ತಾನೇನು ಮಾಡುತ್ತಿದ್ದೇನೆಂದು ಅರಿವಾಯಿತು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರ ಮುಖಗಳೆಲ್ಲ ಒಂದು ಸಲ ಕಣ್ಣ ಮುಂದೆ ಹಾದುಹೋದವು. ಅವರ ಕತ್ತು ನೋಯುತ್ತಿತ್ತೆಂದು ಅವಳಿಗೆ ಈ ತನಕ ಗೊತ್ತಿರಲಿಲ್ಲ. ಅವಳು ಕತ್ತನ್ನು ಬಲವಂತವಾಗಿ ಹಿಂದಕ್ಕೆ ತಂದು ಹುಡುಗಿಯ ಕಣ್ಣಲ್ಲಿ ಕಣ್ಣಿಟ್ಟಳು.

"'ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೂ...' ಅಂದ್ರು."

"ಬಂದಿದ್ರೆ ಅಂದ್ರಾ, ಬಂದಿದ್ರೂ ಅಂದ್ರಾ?"

"ಬಂದಿದ್ರೂ. ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೂ ಅಷ್ಟೇ ಅಂದ್ರು."

ಹುಡುಗಿ ಅದನ್ನು ಬಾಯೊಳಗೇ ಹೇಳಿಕೊಂಡಳು. ಅವಳ ತುಟಿ ಅಲುಗಿದ್ದು ಅಕ್ಕನಿಗೆ ಕಾಣಿಸಿತು. ಬಂದಿದ್ರೆ. ಬಂದಿದ್ರೂ.

"ಹೀಗೇ ಹೇಳಿ ಅಂತ ನಿಮಗೂ ಮೇಡಂ ಹೇಳ್ಕೊಟ್ರಾ?"

"ಇಲ್ಲ. ನನಗೆ ಹೇಳ್ಕೊಡೋರು ಇನ್ನೂ ಹುಟ್ಟಿಲ್ಲ."

ಹುಡುಗಿ ಎದ್ದಳು. ಲಂಗಕ್ಕೆ ಅಂಟಿದ ಧೂಳು ಕೊಡವಿಕೊಂಡು ಮೇಜಿನ ಹತ್ತಿರ ಹೋದಳು. ಮೊದಲ ವೃತ್ತದಲ್ಲಿ ಬೋರಲು ಬಿದ್ದಿದ್ದ ತನ್ನ ಮುಚ್ಚಳವನ್ನು ಎತ್ತಿ, ಅಂಗೈಯಲ್ಲಿಟ್ಟುಕೊಂಡು, ಬಹಳ ಹೊತ್ತು ಅದರ ಒಳಗೆ ನೋಡಿದಳು. ಆಮೇಲೆ ವೃತ್ತದ ನಡುವೆ ಅದನ್ನು ಬಟ್ಟಲಿನ ಹಾಗೆ ಇಟ್ಟಳು. ಬೆರಳನ್ನು ಮಾತ್ರ ತೆಗೆಯಲಿಲ್ಲ. ಮುಚ್ಚಳದ ಅಂಚಿನ ಮೇಲೆ ಬೆರಳಿಟ್ಟುಕೊಂಡೇ ತಿರುಗಿ ಅಕ್ಕನ ಮುಖ ನೋಡತೊಡಗಿದಳು.

ರಸ್ತೆಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು. "ಅಕ್ಕಾ!" ಎಂದು ದರ್ಜಿ ಕೂಗಿದ. ಕಿಟಕಿಯ ಹೊರಗೆ ಯಾರೋ ಓಡಾಡಿದರು, ಬಾಗಿಲುಗಳು ತೆರೆದುಕೊಂಡವು, ಹಾರ್ನ್ ಒಂದು ಸಲ ಕೂಗಿ ಸುಮ್ಮನಾಯಿತು, ಮತ್ತೆ ಕೂಗಿತು.

ಅಕ್ಕ ಕಿಟಕಿಯ ಕಡೆ ತಿರುಗಲಿಲ್ಲ.

ಹುಡುಗಿ ಬೆರಳು ತೆಗೆದಳು.